ಮಗನಿಗೆ ಬೇಕಾದ ಆಟ ನಾನು ತಂದ ಮೆಷಿನ್‌ನಲ್ಲಿ ಬರುವುದಿಲ್ಲ

ಪ್ರಶ್ನೆ

ನಾವು ಹಿರಿಯೂರು ತಾಲ್ಲೂಕು ಆದಿವಾಲದವರು. ಹೆದ್ದಾರಿ ಪಕ್ಕ ನನ್ನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ, ಜೊತೆಗೆ ಎರಡೆಕರೆ ತೆಂಗು. ನನಗೆ 45 ವರ್ಷ. ಒಬ್ಬನೇ ಮಗ, ಈಗ ಹಿರಿಯೂರಿನಲ್ಲಿ ಫಸ್ಟ್ ಪಿಯುಸಿ ಓದುತ್ತಿದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ಡಿಸ್ಟಿಂಕ್ಷನ್ ಬಂದರೆ ಗೇಮ್ ಮೆಷಿನ್ ಕೊಡಿಸ್ತೀನಿ ಎಂದು ಮಾತು ಕೊಟ್ಟಿದ್ದೆ. ಅವನು ತೆಗೆದ, ನಾನು ಕೊಡಿಸಿದೆ. ಅಂಗಡಿಯವರು ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಎರಡನ್ನೂ ತೋರಿಸಿ, "ಎರಡೂ ಒಂದೇ ಸಾರ್, ಎಲ್ಲಾ ಗೇಮೂ ಬರ್ತವೆ, ಇದಕ್ಕೆ ರೇಟು ಕಡಿಮೆ" ಅಂದರು. ಮಗನಿಗೆ ಮೊದಲೇ ಹೇಳದೆ, ಖುಷಿಯಾಗಲಿ ಅಂತ ಎಕ್ಸ್‌ಬಾಕ್ಸ್ ತಂದೆ. ಆ ಅಂಗಡಿಯ ಹುಡುಗನೇ ಎಲ್ಲಾ ಸೆಟ್ ಮಾಡಿ ಕೊಟ್ಟ.

ಬಾಕ್ಸ್ ಬಿಚ್ಚಿದ ಕೂಡಲೇ ಮಗನ ಮುಖ ಸಪ್ಪಗಾಯಿತು. ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗ ಪ್ಲೇಸ್ಟೇಷನ್‌ನಲ್ಲಿ ಸ್ಪೈಡರ್‌ಮ್ಯಾನ್ 2 ಆಡುತ್ತಾನೆ. ಇವನಿಗೂ ಬೇಕಾಗಿದ್ದು ಅದೇ. ಅದು ಇದರಲ್ಲಿ ಬರುವುದಿಲ್ಲವಂತೆ. ಸುಮಾರು ಒಂದು ವರ್ಷ ಏನೂ ಅನ್ನಲಿಲ್ಲ, ಏಳೆಂಟು ಸಾವಿರದ ಬೇರೆ ಗೇಮ್ ಕೊಂಡು ಆಡಿದ. ಮೊನ್ನೆ ಅಕ್ಕನ ಮನೆಯಿಂದ ಬಂದವನೇ, "ಕಡಿಮೆ ರೇಟಿಂದು ಅಂತ ತಂದೆ. ನಿಂಗೆ ಇದೆಲ್ಲ ಗೊತ್ತಾಗಲ್ಲ ಬಿಡಪ್ಪ" ಅಂದ. ಅವತ್ತಿಂದ ಸರಿಯಾಗಿ ಮಾತಿಲ್ಲ. ಇದನ್ನು ಮಾರಿ ಅದನ್ನೇ ತಂದುಕೊಡಿ ಎಂದು ಹೆಂಡತಿ ಹೇಳುತ್ತಾಳೆ.

ನನ್ನ ಅಂಗಡಿಯಲ್ಲಿ ಅರ್ಧ ಇಂಚಿನ ಪೈಪಿಗೆ ಯಾವ ಕಂಪನಿ ನಲ್ಲಿ ತಂದರೂ ಕೂರುತ್ತದೆ. ಒಂದು ಆಟ ಒಬ್ಬರ ಮೆಷಿನ್‌ನಲ್ಲಿ ನಡೆದು ಇನ್ನೊಬ್ಬರ ಮೆಷಿನ್‌ನಲ್ಲಿ ನಡೆಯದ ಹಾಗೆ ಮಾಡುವುದು ನ್ಯಾಯವೇ? ನಾನು ಈಗ ಏನು ಮಾಡಲಿ?

— ಒಬ್ಬ ತಂದೆ, ಆದಿವಾಲ

ಉತ್ತರ

ನಿಮ್ಮ ಮಗ ಅಂದ ಮಾತು ನಿಮಗೆ ಎಷ್ಟು ನೋವು ಕೊಟ್ಟಿದೆ ಎಂದು ಪತ್ರ ಓದಿದಾಗಲೇ ತಿಳಿಯಿತು. ಕೊಟ್ಟ ಮಾತು ಉಳಿಸಿಕೊಂಡ ತಂದೆ ನೀವು. ಅದರ ಬಗ್ಗೆ ಆಮೇಲೆ ಬರುತ್ತೇನೆ. ನ್ಯಾಯವೇ ಎಂದು ಕೇಳಿದ್ದೀರಲ್ಲ, ಮೊದಲು ಅದನ್ನು ನೋಡೋಣ. ಮನೆಯಲ್ಲಿ ನಡೆಯಬೇಕಾದ ಮಾತುಕತೆಗೂ ಆ ಉತ್ತರ ಬೇಕಾಗುತ್ತದೆ.

ನಲ್ಲಿ-ಪೈಪಿನ ನಿಮ್ಮ ಹೋಲಿಕೆ ನನಗೆ ಬಹಳ ಹಿಡಿಸಿತು. ಪೈಪಿನ ಅಳತೆ, ಥ್ರೆಡ್ಡಿನ ಅಳತೆ ಎಲ್ಲ ಕಂಪನಿಗೂ ಒಂದೇ ಎಂದು ಮೊದಲೇ ಗೊತ್ತುಮಾಡಿದ್ದಾರೆ, ಅದಕ್ಕೇ ಕೂರುತ್ತದೆ. ಗೇಮ್ ಮೆಷಿನ್‌ಗಳಿಗೆ ಅಂಥ ಅಳತೆಯನ್ನು ಯಾರೂ ಗೊತ್ತುಮಾಡಿಲ್ಲ. ಆದರೆ ಒಳಗೆ ನೋಡಿದರೆ ಪ್ಲೇಸ್ಟೇಷನ್ 5ಕ್ಕೂ ನಿಮ್ಮ ಎಕ್ಸ್‌ಬಾಕ್ಸ್‌ಗೂ ಚಿಪ್ ಮಾಡಿದ ಕಂಪನಿ ಒಂದೇ, ಎಎಮ್‌ಡಿ. ಒಂದಕ್ಕೆ ಮಾಡಿದ ಆಟವನ್ನು ಇನ್ನೊಂದಕ್ಕೆ ಹೊಂದಿಸಲು ಖರ್ಚಿದೆ, ದುಡಿಮೆಯಿದೆ, ಆದರೆ ಆಗದ ಕೆಲಸವಲ್ಲ. ತಡೆ ಇರುವುದು ವ್ಯಾಪಾರದಲ್ಲಿ.

ಆ ವ್ಯಾಪಾರ ನಡೆಯುವುದು ಹೀಗೆ. ಮೆಷಿನ್ ಮಾರಿ ಕಂಪನಿಗೆ ಹೆಚ್ಚೇನೂ ಗಿಟ್ಟುವುದಿಲ್ಲ. ಎಕ್ಸ್‌ಬಾಕ್ಸ್ ಮೆಷಿನ್‌ಗಳ ಮಾರಾಟದಿಂದಲೇ ತಮಗೆ ಎಂದೂ ಲಾಭ ಬಂದಿಲ್ಲ ಎಂದು ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು 2021ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಹೇಳಿದ್ದರು. ಗಳಿಕೆ ಬರುವುದು ಆಮೇಲೆ. ಆ ಮೆಷಿನ್‌ಗೆಂದು ಬೇರೆಯವರು ಮಾರುವ ಪ್ರತಿ ಆಟದ ಬೆಲೆಯಲ್ಲಿ ಮೆಷಿನ್ ಕಂಪನಿಗೆ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಸಲ್ಲುತ್ತದೆ. ಹಾಗಾಗಿ ಒಮ್ಮೆ ತಮ್ಮ ಮೆಷಿನ್ ಮನೆಗೆ ಬಂದರೆ ಸಾಕು ಎನ್ನುವುದು ಅವರ ಲೆಕ್ಕ. ಅದನ್ನು ಮನೆಗೆ ತರಿಸಲು ಬೇರೆ ಕಂಪನಿಯ ಮೆಷಿನ್‌ನಲ್ಲಿ ಸಿಗದ ಒಂದು ಆಟ ಬೇಕು. ಪ್ಲೇಸ್ಟೇಷನ್ ಮಾಡುವ ಸೋನಿಗೆ ಸ್ಪೈಡರ್‌ಮ್ಯಾನ್ ಅಂಥದ್ದು, ನಿಂಟೆಂಡೊಗೆ ಮಾರಿಯೊ ಅಂಥದ್ದು.

ಇದು ಹಳೆಯ ಪದ್ಧತಿ. 1979ರಲ್ಲಿ ಅಟಾರಿ ಕಂಪನಿ ಬಿಟ್ಟು ಬಂದ ಕೆಲವು ಪ್ರೋಗ್ರಾಮರ್‌ಗಳು ಆಕ್ಟಿವಿಷನ್ ಶುರುಮಾಡುವವರೆಗೆ, ಮೆಷಿನ್ ಮಾಡಿದವರೇ ಅದರ ಆಟಗಳನ್ನೂ ಮಾಡುತ್ತಿದ್ದರು. ಹೊರಗಿನವರು ಅಟಾರಿ ಮೆಷಿನ್‌ಗೆ ಆಟ ಮಾಡಿದ್ದಕ್ಕೆ ಅಟಾರಿ ಕೋರ್ಟಿಗೂ ಹೋಯಿತು. ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ನಿಂಟೆಂಡೊ ಇನ್ನೂ ಬಿಗಿಮಾಡಿತು: ನಮ್ಮ ಮೆಷಿನ್‌ಗೆ ಆಟ ಮಾಡಿದರೆ ಎರಡು ವರ್ಷ ಅದನ್ನು ಬೇರೆ ಮೆಷಿನ್‌ಗೆ ಕೊಡುವಂತಿಲ್ಲ ಎಂದು ಕರಾರು ಬರೆಸಿಕೊಳ್ಳುತ್ತಿತ್ತು.

ನಮ್ಮ ಕಡೆಯ ಮಕ್ಕಳಿಗೆ ಆ ದಿನಗಳಲ್ಲಿ ಇದರ ಬಿಸಿ ತಟ್ಟಲಿಲ್ಲ. ನಿಮಗೆ 45 ಅಂದಿರಿ, ಹಾಗಾದರೆ ನೀವು ಹೈಸ್ಕೂಲಿನಲ್ಲಿದ್ದಾಗ ಬಂದ "ಟಿವಿ ಗೇಮ್" ನೆನಪಿರಬೇಕು. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಮೆಷಿನ್‌ನ ನಕಲುಗಳು ಅವು. ಹಳದಿ, ಕಪ್ಪು ಪ್ಲಾಸ್ಟಿಕ್ ಕ್ಯಾಸೆಟ್‌ಗಳ ಮೇಲೆ "9999 ಇನ್ 1" ಎಂದು ಅಚ್ಚಾಗಿರುತ್ತಿತ್ತು. ಒಳಗೆ ಇದ್ದದ್ದು ಬೆರಳೆಣಿಕೆಯ ಆಟ, ಅವೇ ಮತ್ತೆ ಮತ್ತೆ. ಟಿವಿಯಲ್ಲಿ ಚಿತ್ರ ಬರದಿದ್ದರೆ ಕ್ಯಾಸೆಟ್ ತೆಗೆದು ಪಿನ್ನಿನ ಸಾಲಿಗೆ ಉಫ್ ಎಂದು ಊದಿ ಮತ್ತೆ ತುರುಕುತ್ತಿದ್ದರು. ಯಾರ ಕ್ಯಾಸೆಟ್ ಆದರೂ ಯಾರ ಮೆಷಿನ್‌ನಲ್ಲಾದರೂ ನಡೆಯುತ್ತಿತ್ತು. ಕಾಂಟ್ರಾ ಒಬ್ಬನ ಮನೆಯಲ್ಲಿ, ಮಾರಿಯೊ ಇನ್ನೊಬ್ಬನ ಮನೆಯಲ್ಲಿ, ಭಾನುವಾರ ಅದಲು ಬದಲು. ಅದು ನಡೆದದ್ದು ಕಳ್ಳ ನಕಲಿನ ದೆಸೆಯಿಂದ, ಆಟ ಮಾಡಿದವರಿಗೆ ಅದರಿಂದ ಒಂದು ಪೈಸೆ ಸಿಕ್ಕಿಲ್ಲ ಎನ್ನುವುದನ್ನೂ ಮರೆಯುವಂತಿಲ್ಲ. ಆದರೂ ಒಂದೇ ಕ್ಯಾಸೆಟ್ ಹತ್ತು ಮನೆ ಸುತ್ತುತ್ತಿದ್ದ ಆ ಕಾಲ ಕಂಡ ನಿಮಗೆ ಈಗಿನ ಏರ್ಪಾಡು ಅನ್ಯಾಯ ಅನಿಸಿದರೆ ನನಗೆ ಅಚ್ಚರಿಯಿಲ್ಲ.

ಈಗ ನನ್ನ ಅಭಿಪ್ರಾಯ. ಒಂದು ಮೆಷಿನ್‌ಗೆ ಮಾತ್ರ ಮೀಸಲಾದ ಆಟಗಳಲ್ಲಿ ಎರಡು ಬಗೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಕಂಪನಿಯೇ ಬಂಡವಾಳ ಹಾಕಿ, ತನ್ನದೇ ಸ್ಟುಡಿಯೊದಲ್ಲಿ ವರ್ಷಗಟ್ಟಲೆ ಜನರನ್ನು ದುಡಿಸಿ ಮಾಡಿದ ಆಟ ಮೊದಲನೆಯದು. ನಿಮ್ಮ ಮಗ ಕೇಳುತ್ತಿರುವ ಸ್ಪೈಡರ್‌ಮ್ಯಾನ್ 2 ಇದೇ ಸಾಲಿನದು. ಅದನ್ನು ಮಾಡಿದ ಇನ್‌ಸಾಮ್ನಿಯಾಕ್ ಸ್ಟುಡಿಯೊವನ್ನು ಸೋನಿ 2019ರಲ್ಲಿ ಕೊಂಡಿತು, ಆಟ 2023ರ ಅಕ್ಟೋಬರಿನಲ್ಲಿ ಬಂತು. ದುಡ್ಡು ಹಾಕಿದವರು ಕೆಲವು ವರ್ಷ ತಮ್ಮ ಮೆಷಿನ್‌ನಲ್ಲೇ ಇಟ್ಟುಕೊಂಡರೆ ನಾನು ತಪ್ಪು ಹೇಳಲಾರೆ. ಆ ಆಸೆ ಇಲ್ಲದಿದ್ದರೆ ಅಷ್ಟು ದೊಡ್ಡ ಆಟ ಹುಟ್ಟುತ್ತಲೇ ಇರಲಿಲ್ಲವೇನೋ. ಚಿಕ್ಕ ತಂಡಗಳಿಗೂ ಇಂಥ ಮೀಸಲಿನಿಂದ ಕೆಲವೊಮ್ಮೆ ಅನುಕೂಲವಾದೀತು. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ "ರಾಜಿ" ಎಂಬ ಆಟ ಮಾಡಿತು. ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುವ ಹುಡುಗಿಯ ಕತೆ ಅದು. 2017ರಲ್ಲಿ ಜನರಿಂದ ಹಣ ಎತ್ತಲು ಹೋಗಿ ಗುರಿ ಮುಟ್ಟಲಿಲ್ಲ. ಪಟ್ಟು ಬಿಡದೆ ಮುಗಿಸಿ, 2020ರ ಆಗಸ್ಟಿನಲ್ಲಿ ಮೊದಲು ನಿಂಟೆಂಡೊ ಸ್ವಿಚ್‌ನಲ್ಲಿ ಮಾತ್ರ ಬಿಟ್ಟರು. ಅಕ್ಟೋಬರಿನ ಹೊತ್ತಿಗೆ ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್, ಕಂಪ್ಯೂಟರ್ ಎಲ್ಲಕ್ಕೂ ಬಂತು. ಇಂಥ ಎರಡು ತಿಂಗಳ ಮೀಸಲಿನಿಂದ ಯಾರಿಗೂ ನಷ್ಟವಿಲ್ಲ. (ಅಂದಹಾಗೆ, ಆ ಆಟ ನಿಮ್ಮ ಮೆಷಿನ್‌ನಲ್ಲಿ ನಡೆಯುತ್ತದೆ. ಮಗನಿಗೆ ಹೇಳಿ.)

ಬೇರೆಯವರು ಎಲ್ಲರಿಗೂ ಮಾಡಬಹುದಾಗಿದ್ದ ಆಟಕ್ಕೆ ದುಡ್ಡು ಸುರಿದು, ಎದುರಾಳಿಯ ಮೆಷಿನ್‌ಗೆ ಹೋಗದಂತೆ ತಡೆಯುವುದು ಎರಡನೆಯ ಬಗೆ. ಬೆಥೆಸ್ಡಾ ಎಂಬ ಕಂಪನಿಯ ಡೆತ್‌ಲೂಪ್ 2021ರಲ್ಲಿ ಗೇಮ್ ಮೆಷಿನ್‌ಗಳ ಪೈಕಿ ಪ್ಲೇಸ್ಟೇಷನ್ 5ರಲ್ಲಿ ಮಾತ್ರ ಬಂತು, ಎಕ್ಸ್‌ಬಾಕ್ಸ್‌ನವರು ಒಂದು ವರ್ಷ ಕಾಯಬೇಕಾಯಿತು. ಆ ಹೊತ್ತಿಗಾಗಲೇ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ ಕೊಂಡಿತ್ತು. ಆಮೇಲೆ 2023ರಲ್ಲಿ ಬಂದ ಸ್ಟಾರ್‌ಫೀಲ್ಡ್ ಪ್ಲೇಸ್ಟೇಷನ್‌ಗೆ ಆಗ ಬರಲಿಲ್ಲ. ಅದೇ ಮೈಕ್ರೋಸಾಫ್ಟ್ ಸುಮಾರು 6,900 ಕೋಟಿ ಡಾಲರ್ ಕೊಟ್ಟು ಆಕ್ಟಿವಿಷನ್ ಬ್ಲಿಝರ್ಡ್ ಕೊಳ್ಳಲು ಹೊರಟಾಗ, ಕಾಲ್ ಆಫ್ ಡ್ಯೂಟಿ ಆಟವನ್ನೂ ಹೀಗೇ ಬಂದ್ ಮಾಡಿಬಿಟ್ಟರೆ ಎಂದು ಸರ್ಕಾರಗಳೇ ಚಿಂತೆಗೆ ಬಿದ್ದವು. ಪ್ಲೇಸ್ಟೇಷನ್‌ಗೆ ಹತ್ತು ವರ್ಷ ಕೊಡುತ್ತೇವೆ ಎಂದು 2023ರ ಜುಲೈನಲ್ಲಿ ಸೋನಿ ಜೊತೆ ಒಪ್ಪಂದವಾಯಿತು. ಈ ಜಗಳಗಳಲ್ಲಿ ಹೊಸದೇನೂ ಹುಟ್ಟುವುದಿಲ್ಲ. ಇರುವುದನ್ನು ಒಬ್ಬರ ಕೈಯಿಂದ ಕಿತ್ತು ಇನ್ನೊಬ್ಬರ ಕೈಗೆ ಕೊಡುತ್ತಾರೆ, ಅಷ್ಟೇ. ಇದು ಅನ್ಯಾಯ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಎರಡೂ ಮೆಷಿನ್ ಇಟ್ಟುಕೊಳ್ಳಬಲ್ಲ ಮನೆಗೆ ಇದು ತಟ್ಟುವುದಿಲ್ಲ. ಮಾತು ಕೊಟ್ಟು, ಕೂಡಿಸಿ, ಒಂದೇ ಒಂದು ತಂದ ಮನೆಗೆ ತಟ್ಟುತ್ತದೆ.

ಈ ಎರಡೂ ಕಡೆಯ ಆಟಗಳಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಧ್ರುವ ಇಂಟರಾಕ್ಟಿವ್ 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಕಂಪನಿ, ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುತ್ತಿತ್ತು. ಅವರ ಕೆಲಸ ಮೈಕ್ರೋಸಾಫ್ಟ್‌ನ ಫೋರ್ಜಾ ಹೊರೈಜನ್ ಮತ್ತು ಸೀ ಆಫ್ ಥೀವ್ಸ್‌ನಲ್ಲೂ ಇದೆ, ಸೋನಿಯ ಡೇಸ್ ಗಾನ್‌ನಲ್ಲೂ ಇದೆ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿ ಕೊಂಡಿತು. ಒಂದೇ ಕಂಪನಿಯ ಕಲಾವಿದರು ಎರಡೂ ಕಡೆಯ ಆಟಕ್ಕೆ ಕೈ ಹಾಕಿದ್ದಾರೆ. ಕೊಳ್ಳುವವರು ಮಾತ್ರ ಒಂದು ಕಡೆ ನಿಲ್ಲಬೇಕು. ನಿಮ್ಮ ಮಗನಿಗೆ ಆಟ ಮಾಡುವ ಕಡೆಗೂ ಒಲವಿದ್ದರೆ ಇದನ್ನು ತಿಳಿಸಿ. ಈ ಕ್ಷೇತ್ರಕ್ಕೆಂದೇ ದೇಶದಲ್ಲಿ ಮೊದಲು, 2012ರಲ್ಲೇ, ನೀತಿ ತಂದ ರಾಜ್ಯ ನಮ್ಮದು.

ಗಮನಿಸಬೇಕಾದ ಇನ್ನೊಂದು ಸಂಗತಿ: ಧ್ರುವದ ಕೆಲಸವಿರುವ ಈ ಮೂರು ಹೆಸರುಗಳೂ ಈಗ ಗಡಿ ದಾಟಿವೆ. ಡೇಸ್ ಗಾನ್ 2021ರಲ್ಲಿ ಕಂಪ್ಯೂಟರಿಗೆ ಬಂತು. ಸೀ ಆಫ್ ಥೀವ್ಸ್ 2024ರ ಏಪ್ರಿಲ್‌ನಲ್ಲಿ, ಫೋರ್ಜಾ ಹೊರೈಜನ್ 5 ಅದರ ಮರುವರ್ಷದ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್‌ಗೆ ಬಂದವು. ಸೋನಿಯ ಹೆಲ್‌ಡೈವರ್ಸ್ 2 2025ರ ಆಗಸ್ಟಿನಲ್ಲಿ ಎಕ್ಸ್‌ಬಾಕ್ಸ್‌ಗೂ ಬಂತು. ಆಟ ಮಾಡುವ ಖರ್ಚು ಏರುತ್ತಿದೆ, ಒಂದೇ ಮೆಷಿನ್‌ನ ಗಿರಾಕಿಗಳಿಂದ ಅದು ಹುಟ್ಟುತ್ತಿಲ್ಲ. ಹಾಗೆಂದು ಸ್ಪೈಡರ್‌ಮ್ಯಾನ್ 2 ನಾಳೆ ನಿಮ್ಮ ಎಕ್ಸ್‌ಬಾಕ್ಸ್‌ಗೆ ಬರುತ್ತದೆ ಎಂದು ಆಸೆ ಹುಟ್ಟಿಸಲಾರೆ. ಆದರೆ 2025ರ ಜನವರಿಯಲ್ಲಿ ಅದು ಕಂಪ್ಯೂಟರಿಗೆ ಬಂದಿದೆ. ಪಿಯುಸಿ ಓದುವ ಹುಡುಗನಿಗೆ ಎರಡು ವರ್ಷದಲ್ಲಿ ಹೇಗೂ ಒಂದು ಲ್ಯಾಪ್‌ಟಾಪ್ ಬೇಕಾಗುತ್ತದೆ. ಆಗ ಗ್ರಾಫಿಕ್ಸ್ ಕಾರ್ಡ್ ಇರುವುದನ್ನು ನೋಡಿ ತೆಗೆದುಕೊಂಡರೆ ಅದೇ ಆಟ ಅದರಲ್ಲಿ ನಡೆಯುತ್ತದೆ, ಅಷ್ಟೊತ್ತಿಗೆ ಬೆಲೆಯೂ ಇಳಿದಿರಬಹುದು.

ಹಾಗಾಗಿ ಈಗ ಮಾರಬೇಡಿ. ನಿಮ್ಮ ಹೆಂಡತಿ ಮಗನ ಮೇಲಿನ ಅಕ್ಕರೆಯಿಂದ ಹೇಳುತ್ತಿದ್ದಾರೆ, ಆದರೆ ಲೆಕ್ಕ ಹಾಕಿ ನೋಡಿ. ಸೀರೀಸ್ ಎಸ್ 2020ರಲ್ಲಿ ಬಂದಾಗ ಇಲ್ಲಿ 34,990 ರೂಪಾಯಿ ಇತ್ತು. ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5 ಮರುವರ್ಷ 49,990ಕ್ಕೆ ಬಂದು 2022ರಲ್ಲಿ 54,990 ಆಯಿತು. ಹಳೆಯದನ್ನು ಮಾರಲು ಹೋದರೆ ಅರ್ಧಕ್ಕೆ ಕೇಳುತ್ತಾರೆ. ಅದರ ಮೇಲೆ ಹೊಸ ಆಟವೊಂದಕ್ಕೆ ಮತ್ತೆ ಸಾವಿರಾರು ರೂಪಾಯಿ ಬೇಕು. ಇದೆಲ್ಲಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣುವುದಿಲ್ಲ: ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ, ಅಂದರೆ ಮಗ ಕೊಂಡ ಏಳೆಂಟು ಸಾವಿರದ ಆಟಗಳೆಲ್ಲ ಅವನ ಖಾತೆಯಲ್ಲಿವೆ. ಅವನ್ನು ಯಾರಿಗೂ ಮಾರಲು ಬರುವುದಿಲ್ಲ, ಪ್ಲೇಸ್ಟೇಷನ್‌ಗೆ ಒಯ್ಯಲೂ ಬರುವುದಿಲ್ಲ. ಮೆಷಿನ್ ಹೋದರೆ ಅವೂ ಬಹುಪಾಲು ಹೋದಂತೆಯೇ. ಆಟ ಮೀಸಲಿಡುವುದಕ್ಕಿಂತ ಈ ಬೇಲಿ ನನಗೆ ಹೆಚ್ಚು ಕೆಟ್ಟದ್ದು ಅನಿಸುತ್ತದೆ, ಆದರೆ ಇದರ ಬಗ್ಗೆ ಅಷ್ಟಾಗಿ ಗಲಾಟೆ ಕೇಳಿಬರುವುದಿಲ್ಲ.

"ಎಲ್ಲಾ ಗೇಮೂ ಬರ್ತವೆ" ಎಂದ ಅಂಗಡಿಯವರದು ತಪ್ಪು ಮಾಹಿತಿಯೇ. ಆದರೆ ಬಾಯಿಮಾತನ್ನು ಸಾಬೀತು ಮಾಡುವುದು ಕಷ್ಟ, ಅದರ ಹಿಂದೆ ಬಿದ್ದು ಮನಸ್ಸು ಕೆಡಿಸಿಕೊಳ್ಳಬೇಡಿ. ಇನ್ನು ಮುಂದೆ ಇಂಥದ್ದನ್ನು ತರುವಾಗ ಮಗನನ್ನೇ ಕರೆದುಕೊಂಡು ಹೋಗಿ.

ಈಗ ಮಗನ ವಿಷಯ. ನೀವು ಬರೆದ ಒಂದು ಸಾಲಿನ ಮೇಲೆ ನನ್ನ ಕಣ್ಣು ನಿಂತಿತು: ಸುಮಾರು ಒಂದು ವರ್ಷ ಅವನು ಏನೂ ಅನ್ನಲಿಲ್ಲ. ಬಾಕ್ಸ್ ಬಿಚ್ಚಿದ ದಿನವೇ ಗೊತ್ತಾಗಿತ್ತು, ಆದರೂ ಅಪ್ಪ ಪ್ರೀತಿಯಿಂದ ತಂದದ್ದು ಎಂದು ನುಂಗಿಕೊಂಡ. ಹದಿನಾರರ ಹುಡುಗನಿಗೆ ಅದು ಸಣ್ಣ ತಾಳ್ಮೆಯಲ್ಲ. ಮೊನ್ನೆ ಅವನ ಬಾಯಿಂದ ಮಾತು ಜಾರಿದ್ದು ದಾವಣಗೆರೆಯಿಂದ ಬಂದ ಮೇಲೆ. ಅಲ್ಲಿ ಅತ್ತೆಯ ಮಗನ ಪಕ್ಕ ಕೂತು ಅವನು ಆಡುವುದನ್ನು ನೋಡಿದ್ದಾನೆ. ಸ್ಪೈಡರ್‌ಮ್ಯಾನ್ 2 ಒಬ್ಬನೇ ಆಡುವ ಆಟ, ಇಬ್ಬರು ಕೂಡಿ ಆಡಲು ಬರುವುದಿಲ್ಲ. ಅಂದರೆ ಆ ಆಟ ಸಿಕ್ಕರೂ ಅವರಿಬ್ಬರೂ ತಂತಮ್ಮ ಮನೆಯಲ್ಲಿ ಒಬ್ಬೊಬ್ಬರೇ ಆಡಬೇಕು. ಆ ಹುಡುಗನ ಮಾತಿನಲ್ಲಿ ತಾನು ಇಲ್ಲ, ಅವನು ಹೇಳುವುದಕ್ಕೆ ತಾನು ತಲೆಯಾಡಿಸಬೇಕಷ್ಟೇ ಎನ್ನುವುದು ಅವನ ನೋವು ಎಂದು ನನಗೆ ತೋರುತ್ತದೆ. ಇದನ್ನು ಅವನ ಬಾಯಿಂದಲೇ ಕೇಳಿ ತಿಳಿದುಕೊಳ್ಳಿ.

ಅದು ನಿಜವಾದರೆ ಪರಿಹಾರ ಈಗಿರುವ ಮೆಷಿನ್‌ನಲ್ಲೇ ಇದೆ. ಮೈನ್‌ಕ್ರಾಫ್ಟ್, ಫೋರ್ಟ್‌ನೈಟ್, ರಾಕೆಟ್ ಲೀಗ್, ಫುಟ್‌ಬಾಲಿನ ಇಎ ಎಫ್‌ಸಿ ಮುಂತಾದವನ್ನು ಎಕ್ಸ್‌ಬಾಕ್ಸ್‌ನಲ್ಲಿರುವವರೂ ಪ್ಲೇಸ್ಟೇಷನ್‌ನಲ್ಲಿರುವವರೂ ಒಟ್ಟಿಗೇ ಆಡಬಹುದು. ಮೊದಲು ಇದಕ್ಕೂ ಅಡ್ಡಿಯಿತ್ತು. ಆಡುವವರ ಒತ್ತಾಯಕ್ಕೆ 2018ರ ಸೆಪ್ಟೆಂಬರಿನಲ್ಲಿ ಸೋನಿ ಫೋರ್ಟ್‌ನೈಟ್‌ನಿಂದ ಶುರುಮಾಡಿ ಬಾಗಿಲು ತೆರೆಯಿತು. ಫೋರ್ಟ್‌ನೈಟ್, ರಾಕೆಟ್ ಲೀಗ್ ಎರಡೂ ಪುಕ್ಕಟೆ. ಇಂಥ ಪುಕ್ಕಟೆ ಆಟಗಳಿಗೆ 2021ರ ಏಪ್ರಿಲ್‌ನಿಂದ ಎಕ್ಸ್‌ಬಾಕ್ಸ್‌ನವರು ತಿಂಗಳ ಚಂದಾ ಕೂಡ ಕೇಳುವುದಿಲ್ಲ. ನೆಟ್ ಚೆನ್ನಾಗಿದ್ದರೆ ಆದಿವಾಲದಿಂದ ದಾವಣಗೆರೆಯ ಅತ್ತೆಯ ಮಗನ ಜೊತೆ ರಾತ್ರಿ ಅರ್ಧ ಗಂಟೆ ರಾಕೆಟ್ ಲೀಗ್‌ನಲ್ಲಿ ಕಾರಿನಿಂದ ಚೆಂಡು ಒದೆಯುತ್ತಾ ಮಾತಾಡಬಹುದು. ದಸರಾ ರಜೆಗೆ ಅಕ್ಕನ ಮನೆಗೆ ಕಳಿಸಿ, ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಸ್ಪೈಡರ್‌ಮ್ಯಾನ್‌ನ ಕತೆ ನಾಲ್ಕೈದು ದಿನದಲ್ಲಿ ಮುಗಿಯುವಂಥದ್ದು, ಅಲ್ಲೇ ಆಡಿ ಮುಗಿಸಲಿ. ಅಕ್ಕನಿಗೆ ನೀವೇ ಫೋನ್ ಮಾಡಿ ಹೇಳಿ.

ಮಗನಿಗೆ ಇದೂ ಹಿಡಿಸಬಹುದು. ಇನ್‌ಸಾಮ್ನಿಯಾಕ್ ಸೋನಿಯ ಕೈಗೆ ಹೋಗುವ ಮುಂಚೆ, 2014ರಲ್ಲಿ, ಎಕ್ಸ್‌ಬಾಕ್ಸ್‌ಗೆಂದೇ ಸನ್‌ಸೆಟ್ ಓವರ್‌ಡ್ರೈವ್ ಎಂಬ ಆಟ ಮಾಡಿತ್ತು. ಊರ ತುಂಬ ತಂತಿ, ಕಂಬಿಗಳ ಮೇಲೆ ಜಾರುತ್ತಾ ಹಾರುತ್ತಾ ಓಡಾಡುವ ಆಟ. ಸ್ಪೈಡರ್‌ಮ್ಯಾನ್‌ನ ಕೈಚಳಕ ಅಲ್ಲೇ ಮೊಳೆತದ್ದು ಕಾಣುತ್ತದೆ. ನಿಮ್ಮ ಮೆಷಿನ್‌ನಲ್ಲಿ ಅದು ಈಗಲೂ ನಡೆಯುತ್ತದೆ. ಒರಟು ಮಾತು, ರಕ್ತ ಸ್ವಲ್ಪ ಜಾಸ್ತಿ, ಕೊಡಿಸುವ ಮುಂಚೆ ನೀವೊಮ್ಮೆ ನೋಡಿ. ಅತ್ತೆಯ ಮಗನ ಪ್ಲೇಸ್ಟೇಷನ್‌ನಲ್ಲಿ ಅದು ಬರುವುದಿಲ್ಲ.

"ನಿಂಗೆ ಗೊತ್ತಾಗಲ್ಲ" ಎಂದದ್ದಕ್ಕೆ ಗದರಬೇಡಿ, ಸುಮ್ಮನೆ ಮುಖ ತಿರುಗಿಸಿಕೊಂಡೂ ಇರಬೇಡಿ. ಒಂದು ಸಂಜೆ ಅಂಗಡಿ ಬೇಗ ಮುಚ್ಚಿ ಬಂದು ಅವನ ಪಕ್ಕ ಕೂತು, "ಹೌದಪ್ಪ, ಇದರಲ್ಲಿ ಎರಡು ಥರ ಇರೋದು ನಂಗೆ ಗೊತ್ತಿರ್ಲಿಲ್ಲ. ಇದ್ದ ದುಡ್ಡಿಗೆ ಬರೋದನ್ನ ತಂದೆ. ನೀನಾಗಿದ್ರೆ ಹೇಗೆ ಆರಿಸ್ತಿದ್ದೆ ಹೇಳು" ಎಂದು ಕೇಳಿ. ಟಿವಿ ಗೇಮ್ ಕಾಲದ ನಿಮ್ಮ ನೆನಪುಗಳನ್ನೂ ಹೇಳಿ. ಒಂದು ಆಟವನ್ನು ಒಂದೇ ಮೆಷಿನ್‌ಗೆ ಮೀಸಲಿಡುವುದು ಸರಿಯೇ ಎಂದು ಕೇಳಿದರೆ ಅವನಿಗೂ ಹೇಳಲು ಬೇಕಾದಷ್ಟು ಇರುತ್ತದೆ. ನಾನು ಮೇಲೆ ಹೇಳಿದ್ದನ್ನು ಅವನು ಒಪ್ಪದೆ ಇರಬಹುದು, ಒಪ್ಪಬೇಕೆಂದೇನೂ ಇಲ್ಲ.

ಅದೇ ಸಂಜೆ ಇನ್ನೊಂದು ಕೆಲಸ ಮುಗಿಸಿಬಿಡಿ. ಮೆಷಿನ್ ಸೆಟ್ ಮಾಡಿದ್ದು ಅಂಗಡಿಯ ಹುಡುಗ ಅಂದಿರಿ. ಖಾತೆಗೆ ಯಾರ ಇಮೇಲ್, ಯಾರ ಫೋನ್ ನಂಬರ್ ಕೊಟ್ಟಿದ್ದಾನೆ ಎಂದು ಮಗನ ಜೊತೆ ಕೂತು ಸೆಟ್ಟಿಂಗ್ಸ್‌ನಲ್ಲಿ ನೋಡಿ. ಅವನದೇ ಇದ್ದರೆ ಬದಲಿಸಿ ನಿಮ್ಮ ಮನೆಯ ನಂಬರ್ ಹಾಕಿ, ಪಾಸ್‌ವರ್ಡ್ ಹೊಸದು ಮಾಡಿ. ನಿಮ್ಮ ಕಾರ್ಡ್ ಅದರಲ್ಲಿ ಸೇವ್ ಆಗಿದ್ದರೆ ಕೊಳ್ಳುವಾಗೆಲ್ಲ ಪಿನ್ ಕೇಳುವ ಹಾಗೆ ಇಡಿ. ಮಗ ಕೊಂಡ ಆಟಗಳೆಲ್ಲ ಇರುವುದು ಆ ಖಾತೆಯಲ್ಲೇ.